ಹಾಳೆ ಲೆಕ್ಕ ಮೊದಲು, ಮೆಷಿನ್ ಆಮೇಲೆ: ಅಡಿಕೆ ತೋಟಗಳ ಸುತ್ತ ಉದ್ದಿಮೆ ಕಟ್ಟುವ ಬಗೆ

ಅಡಿಕೆ ಸೋಗೆಯ ಬುಡದಲ್ಲಿರುವ ಅಗಲ ಪದರವೇ ಹಾಳೆ. ಮಲೆನಾಡಿನಲ್ಲಿ ಬಾಗಿಲು ಹಾಕಿದ ಹಾಳೆ ತಟ್ಟೆ ಘಟಕಗಳಿಗೆ ಹೋಗಿ ನೋಡಿದರೆ ಮೆಷಿನ್ ಬಹುಪಾಲು ಸರಿಯಾಗಿಯೇ ಇರುತ್ತದೆ. ಜುಲೈ ಹೊತ್ತಿಗೆ ಹಾಳೆ ಖಾಲಿಯಾಗಿರುತ್ತದೆ, ಇಲ್ಲವೇ ಇದ್ದಬದ್ದ ಹಾಳೆಗೆ ಬೂಸ್ಟು ಹಿಡಿದಿರುತ್ತದೆ. ಬ್ಯಾಂಕಿನ ಕಂತು ಮಾತ್ರ ಮಳೆಗಾಲದಲ್ಲೂ ನಿಲ್ಲುವುದಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ, ಸಿದ್ದಾಪುರ, ಶಿರಸಿ ಕಡೆ ಅಡಿಕೆ ತೋಟದ ಹಾಳೆ, ಸಿಪ್ಪೆ, ಚೊಗರನ್ನು (ಅಡಿಕೆ ಬೇಯಿಸಿದ ನೀರು) ಕಚ್ಚಾವಸ್ತುವಾಗಿ ಇಟ್ಟುಕೊಂಡು ಹತ್ತಾರು ಸಣ್ಣ ಘಟಕಗಳ ಜಾಲ ಕಟ್ಟುವ ಯೋಚನೆ ಇದ್ದರೆ ಮೊದಲ ಖರ್ಚು ಒಣಕಣ ಮತ್ತು ಗೋದಾಮಿಗೆ ಆಗಲಿ. ಒತ್ತುವ ಯಂತ್ರ ಎರಡನೆಯದು.

ನಿಮ್ಮ ಸುತ್ತಿನಲ್ಲಿ ಹಾಳೆ ಎಷ್ಟಿದೆ

9 ಅಡಿ ಅಂತರದಲ್ಲಿ ನೆಟ್ಟ ತೋಟದಲ್ಲಿ ಎಕರೆಗೆ ಸುಮಾರು 540 ಮರ. ಒಂದು ಮರ ವರ್ಷಕ್ಕೆ ಐದಾರು ಹಾಳೆ ಉದುರಿಸುತ್ತದೆ, ಅಂದರೆ ಎಕರೆಗೆ ಮೂರು ಸಾವಿರದ ಆಸುಪಾಸು. ಈ ಅಂಕಿಯನ್ನೇ ಯೋಜನಾ ವರದಿಯಲ್ಲಿ ಬರೆದುಕೊಂಡವರು ಮುಂದೆ ಪರದಾಡುತ್ತಾರೆ. ಮಳೆಗಾಲದಲ್ಲಿ ಬಿದ್ದದ್ದು, ಬೀಳುವಾಗ ಸೀಳಿದ್ದು, ಎಳೆ ಮರದ ಸಣ್ಣ ಹಾಳೆ, ದನ ತುಳಿದದ್ದು, ಬೇಲಿಗೋ ಮುಚ್ಚಿಗೆಗೋ ಹೋದದ್ದು ಎಲ್ಲ ಕಳೆದರೆ ತಟ್ಟೆಗೆ ಒದಗುವುದು ಅರ್ಧ ಮಾತ್ರ. ಎಕರೆಗೆ 1,600 ಎಂದು ಇಟ್ಟುಕೊಳ್ಳಿ. ಎಲೆಚುಕ್ಕಿ ರೋಗ ಜೋರಾಗಿರುವ ಊರಿನಲ್ಲಿ ಇದನ್ನೂ ಇಳಿಸಬೇಕು. ಅಲ್ಲಿ ಮರದ ಮಂಡೆಯಲ್ಲಿ ಎಲೆಯ ಸಂಖ್ಯೆಯೇ ಕುಸಿದಿರುತ್ತದೆ, ಒಣಗಿ ಬಿದ್ದ ಹಾಳೆಯೂ ಕಿರಿದಾಗಿರುತ್ತದೆ. ಶೃಂಗೇರಿ, ಕೊಪ್ಪದ ಹಳದಿ ಎಲೆ ರೋಗದ ತೋಟಗಳನ್ನು ಲೆಕ್ಕಕ್ಕೇ ಹಿಡಿಯದಿರುವುದು ಕ್ಷೇಮ.

ಇನ್ನು ಘಟಕದ ಹಸಿವು. ಐದು ಅಚ್ಚಿನ ಹೈಡ್ರಾಲಿಕ್ ಯಂತ್ರ ದಿನಕ್ಕೆ ಸಾವಿರ ತಟ್ಟೆ ಒತ್ತುತ್ತದೆ ಎಂದುಕೊಳ್ಳಿ. ಮಾರುವವರು ಇದಕ್ಕಿಂತ ಹೆಚ್ಚು ಹೇಳುತ್ತಾರೆ, ಆದರೆ ಕರೆಂಟು ಹೋಗುವುದು, ಅಚ್ಚು ಬದಲಿಸುವುದು, ಕೆಟ್ಟ ಹಾಳೆ ಆರಿಸಿ ತೆಗೆಯುವುದು ಅವರ ಲೆಕ್ಕದಲ್ಲಿ ಇರುವುದಿಲ್ಲ. 250 ದಿನಕ್ಕೆ ಎರಡೂವರೆ ಲಕ್ಷ ತಟ್ಟೆ. ಒಂದು ಹಾಳೆಯಲ್ಲಿ 10 ಇಂಚಿನದೊಂದು ಖಚಿತ, ಎರಡು ಹಾಳೆಗೊಂದರಂತೆ ಸಣ್ಣ ಬಟ್ಟಲು. ಆ ಲೆಕ್ಕದಲ್ಲಿ ಸುಮಾರು 1,67,000 ಹಾಳೆ ಬೇಕು. ಶೇ. 10 ಒಡಕು ಸೇರಿಸಿದರೆ 1,83,000. ಇದನ್ನು 1,600ರಿಂದ ಭಾಗಿಸಿ: ಒಂದೇ ಒಂದು ಐದಚ್ಚಿನ ಘಟಕಕ್ಕೆ 115 ಎಕರೆ ತೋಟ ಬೇಕು. ಎಕರೆ, ಒಂದೂವರೆ ಎಕರೆಯ ಹಿಡುವಳಿಗಳ ನಮ್ಮ ಕಡೆ ಇದು ಎಂಬತ್ತು ನೂರು ಮನೆಯ ಒಪ್ಪಿಗೆಯ ಪ್ರಶ್ನೆ. ಒಂದೇ ಗ್ರಾಮ ಪಂಚಾಯಿತಿಯಲ್ಲಿ ಮೂರು ಘಟಕ ಎದ್ದರೆ ಮೂವರೂ ಹಾಳೆಯ ದರ ಏರಿಸಿಕೊಂಡು ಒಟ್ಟಿಗೇ ಮುಳುಗುತ್ತಾರೆ.

ತೋಟದಿಂದ ತರುವುದು ಹಾಳೆ ಮಾತ್ರ. ಸೋಗೆ ಅಲ್ಲೇ ಬುಡಕ್ಕೆ ಉಳಿಯಬೇಕು. ಹಾಳೆ ಸೋಗೆ ಎರಡನ್ನೂ ಹೊರಗೆ ಸಾಗಿಸಿದರೆ ಮುಚ್ಚಿಗೆಯೂ ಹೋಯಿತು, ಅದರ ಪೊಟ್ಯಾಷ್ ಕೂಡ ಹೋಯಿತು. ನಾಲ್ಕಾರು ವರ್ಷದಲ್ಲಿ ರೈತ ಅದನ್ನು ಗೊಬ್ಬರದ ಅಂಗಡಿಯಲ್ಲಿ ದುಡ್ಡು ಕೊಟ್ಟು ತರಬೇಕಾಗುತ್ತದೆ.

ಹೆಕ್ಕುವುದಕ್ಕೆ ಎರಡು ದಿನದ ಗಡುವು

ಒಳ್ಳೆಯ ಹಾಳೆ ಸಿಗುವುದು ಡಿಸೆಂಬರಿನಿಂದ ಮೇ ನಡುವೆ. ಬಿದ್ದ ಹಾಳೆ ಎರಡು ದಿನದೊಳಗೆ ನೆಲ ಬಿಡಬೇಕು. ಹನಿ ನೀರಾವರಿ ಅಥವಾ ಸ್ಪ್ರಿಂಕ್ಲರ್ ಇರುವ ತೋಟದಲ್ಲಿ ಒಂದೇ ದಿನ. ನೆಲದ ತೇವ ತಾಗಿದ ಕಡೆ ಮೊದಲು ಸಾಸಿವೆ ಗಾತ್ರದ ಕಪ್ಪು ಚುಕ್ಕಿ ಬರುತ್ತದೆ. ಅದು ಶಿಲೀಂಧ್ರ. ನಾರಿನೊಳಗೆ ಇಳಿದ ಮೇಲೆ ಬ್ರಷ್ಷಿಗೂ ಹೋಗುವುದಿಲ್ಲ, ಬಿಸಿ ಅಚ್ಚಿಗೂ ಹೋಗುವುದಿಲ್ಲ. ಕೆಲವರು ಬ್ಲೀಚಿಂಗ್ ಹಾಕಿ ಬಿಳಿ ಮಾಡಲು ನೋಡುತ್ತಾರೆ. ಹಾಗೆ ಮಾಡಿದ ತಟ್ಟೆಯನ್ನು ಬಿಸಿ ಸಾರು ಹಾಕಿ ಮೂಸಿದರೆ ಸಾಕು, ಕೊಂಡವರು ಮತ್ತೆ ಬರುವುದಿಲ್ಲ.

ಹೆಕ್ಕಿದ ಕೂಡಲೇ ಸೋಗೆಯ ದಿಂಡು ಕತ್ತರಿಸಿ, ಹಾಳೆಯ ಒಳಮೈ ಮೇಲೆ ಮಾಡಿ ಹರಡಿ. ಬಿಸಿಲು ಚೆನ್ನಾಗಿದ್ದರೆ ಎರಡರಿಂದ ನಾಲ್ಕು ದಿನ ಸಾಕು. ಎರಡನೇ ದಿನ ಸಂಜೆ, ಇನ್ನೂ ಸ್ವಲ್ಪ ಮೆದುವಿರುವಾಗಲೇ, ಐವತ್ತರ ಕಟ್ಟು ಮಾಡಿ ಮೇಲೊಂದು ಹಲಗೆ, ಅದರ ಮೇಲೆ ಕಲ್ಲು ಹೇರಿ ರಾತ್ರಿ ಬಿಡಿ, ಬೆಳಿಗ್ಗೆ ಮತ್ತೆ ಹರಡಿ. ಹೀಗೆ ಚಪ್ಪಟೆಯಾಗಿ ಒಣಗಿದ ಹಾಳೆ ಸುರುಳಿಯಾಗುವುದಿಲ್ಲ, ಗೋದಾಮಿನ ಜಾಗ ಸುಮಾರು ಅರ್ಧಕ್ಕಿಳಿಯುತ್ತದೆ, ತೊಳೆಯುವಾಗ ಅಂಚು ಸೀಳುವುದೂ ಕಡಿಮೆ. ತಗಲುವುದು ಒಂದಿಷ್ಟು ಹೆಚ್ಚಿನ ಕೂಲಿ. ನಮ್ಮ ಅಭಿಪ್ರಾಯದಲ್ಲಿ ಇಡೀ ಸರಣಿಯಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಲಾಭ ಕೊಡುವ ಕೆಲಸ ಇನ್ನೊಂದಿಲ್ಲ.

ಒಣಗಿದೆಯೇ ಎಂದು ಕೈಯಲ್ಲಿ ಮುಟ್ಟಿ ಹೇಳುವವರಿದ್ದಾರೆ, ಆದರೆ ಹತ್ತು ಕಡೆಯ ಹಾಳೆ ಒಂದೆಡೆ ಸೇರುವಾಗ ಅದು ಸಾಲದು. ಕಟ್ಟಿನ ನಡುವಿನ ಹಾಳೆಯಿಂದ ಸರಿಯಾಗಿ 100 ಗ್ರಾಂ ಕತ್ತರಿಸಿ, ಸಣ್ಣ ಓವನ್‌ನಲ್ಲಿ 105 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು, ತೂಕ ಇಳಿಯುವುದು ನಿಲ್ಲುವ ತನಕ ಬಿಡಿ. ಎಷ್ಟು ಗ್ರಾಂ ಕಡಿಮೆಯಾಯಿತೋ ತೇವಾಂಶ ಅಷ್ಟು ಶೇಕಡಾ. 12 ಅಥವಾ ಅದಕ್ಕಿಂತ ಕೆಳಗಿದ್ದರೆ ಗೋದಾಮಿಗೆ, ಮೇಲಿದ್ದರೆ ಮತ್ತೆ ಬಿಸಿಲಿಗೆ. ತೂಕದ ಮೇಲೆ ಹಾಳೆ ಕೊಳ್ಳುವ ಪದ್ಧತಿ ಬೇಡವೇ ಬೇಡ, ಒದ್ದೆ ಹಾಳೆಯೇ ಬರುತ್ತದೆ. ಎಣಿಕೆಯ ಮೇಲೆ, ಎರಡು ದರ್ಜೆಯಲ್ಲಿ ಕೊಳ್ಳಿ: ಅಗಲ ಒಂದಡಿಗಿಂತ ಹೆಚ್ಚಿದ್ದು ಕಲೆಯಿಲ್ಲದ್ದು ಒಂದು, ಉಳಿದದ್ದು ಇನ್ನೊಂದು.

ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ವಿಷಯವನ್ನು ಹೆಚ್ಚಿನವರು ಮರೆಯುತ್ತಾರೆ. ಕೊಳೆರೋಗಕ್ಕೆ ಮುಂಗಾರಿನಲ್ಲಿ ಶೇ. 1ರ ಬೋರ್ಡೋ ಸಿಂಪಡಿಸುವುದು ಗೊನೆಗೇ ಆದರೂ ಹಾಳೆಯ ಮೇಲೂ ಇಳಿಯುತ್ತದೆ. ತಿಳಿನೀಲಿ ಕಲೆ ಇರುವ ಹಾಳೆಯಲ್ಲಿ ತಾಮ್ರ ಇದೆ. ಅದು ಊಟದ ತಟ್ಟೆಗೆ ಬೇಡ, ಕೊಟ್ಟಿಗೆಯ ಮೇವಿಗಂತೂ ಬೇಡ. ಪ್ರತಿ ಕಟ್ಟಿಗೂ ಒಂದು ಚೀಟಿ ಕಟ್ಟಿ: ತೋಟದ ಸಂಖ್ಯೆ, ಹೆಕ್ಕಿದ ತಾರೀಕು, ಕೊನೆಯ ಸಿಂಪಡಣೆಯ ತಾರೀಕು. ಮುಂದೆ ದೂರು ಬಂದಾಗ ಇಡೀ ದಾಸ್ತಾನು ಎಸೆಯುವ ಬದಲು ಒಂದು ತೋಟದ ಕಟ್ಟನ್ನಷ್ಟೇ ಹೊರಗಿಡಬಹುದು.

ಗೋದಾಮು

ಜೂನ್‌ನಿಂದ ಅಕ್ಟೋಬರ್‌ವರೆಗೆ ಐದು ತಿಂಗಳು ಯಂತ್ರ ಓಡಲು ದಿನಕ್ಕೆ 670 ಹಾಳೆ, ತಿಂಗಳಿಗೆ 25 ದಿನ, ಒಡಕೂ ಸೇರಿ ಹತ್ತಿರ ಹತ್ತಿರ 90,000 ಹಾಳೆ ಬೇಕು. ಸುರುಳಿಯಾಗಿ ಒಣಗಿದ ಹಾಳೆಯಾದರೆ ಎಂಟಡಿ ಎತ್ತರದ ರಾಶಿಗೆ, ಓಡಾಡುವ ದಾರಿಯೂ ಸೇರಿ 1,600 ಚದರಡಿ. ಚಪ್ಪಟೆ ಒಣಗಿಸಿದ್ದರೆ ಎಂಟುನೂರಕ್ಕೆ ಸುಧಾರಿಸಬಹುದು.

ನೆಲದಿಂದ ಅರ್ಧ ಅಡಿ ಮೇಲೆ ಅಡಿಕೆ ದಬ್ಬೆಯ ಅಟ್ಟಳಿಗೆ, ಗೋಡೆಯಿಂದ ಒಂದಡಿ ಬಿಡುವು, ರಾಶಿಯ ನಡುವೆ ಗಾಳಿಯಾಡಲು ಸಂದು. ಕಟ್ಟಿನ ಮೇಲೆ ನೇರವಾಗಿ ಟಾರ್ಪಾಲು ಹೊದೆಸಬೇಡಿ: ರಾತ್ರಿ ತಣ್ಣಗಾದಾಗ ಒಳಗೆ ಬೆವರುತ್ತದೆ, ಆಗಸ್ಟಿನಲ್ಲಿ ತೆರೆದರೆ ಮೇಲಿನ ಹತ್ತು ಹಾಳೆಯಲ್ಲಿ ಹಸಿರು ಬೂಸ್ಟು ಎದ್ದಿರುತ್ತದೆ. ಆಷಾಢದ ಮಳೆಯಲ್ಲಿ ಗಾಳಿಯ ತೇವವನ್ನೇ ಹಾಳೆ ಹೀರುತ್ತದೆ, ಹಾಗಾಗಿ ಹದಿನೈದು ದಿನಕ್ಕೊಮ್ಮೆ ನಾಲ್ಕು ಮೂಲೆಯಿಂದ ಒಂದೊಂದು ಕಟ್ಟು ಎಳೆದು ತೇವ ನೋಡಿ. 14 ದಾಟಿದ ಮೂಲೆಯ ಹಾಳೆಯನ್ನು ಮೊದಲು ಯಂತ್ರಕ್ಕೆ ಕಳಿಸಿ. ಅಡಿಕೆ ಒಣಗಿಸುವ ಗೂಡು ಅಥವಾ ಸೋಲಾರ್ ಟನೆಲ್ ಇರುವ ಸದಸ್ಯರಿದ್ದರೆ ಅದನ್ನು ಮಳೆಗಾಲಕ್ಕೆ ಬಾಡಿಗೆ ಹಿಡಿಯಿರಿ, ಅಡಿಕೆ ಸುಲಿಯುವ ಕೆಲಸ ಶುರುವಾಗುವ ತನಕ ಅದು ಖಾಲಿಯೇ ಇರುತ್ತದೆ.

ಅಚ್ಚಿನಲ್ಲಿ ನಡೆಯುವುದು

ಒಣ ಹಾಳೆಯನ್ನು 15ರಿಂದ 20 ನಿಮಿಷ ನೆನೆಸಿ, ನಾರಿನ ಉದ್ದಕ್ಕೇ ಬ್ರಷ್ ಎಳೆದು, ಪ್ರೆಷರ್ ವಾಷರ್‌ನಲ್ಲಿ ಎರಡೂ ಮೈ ತೊಳೆದು, ನೀರು ಬಸಿಯಲು ನಿಲ್ಲಿಸಿ. ಸಾವಿರ ಹಾಳೆಗೆ ಸಾವಿರ ಲೀಟರ್ ನೀರು ಎಂದು ಯೋಜಿಸಿ. ಕೊಳೆ ನೀರು ಕೆಸರು ತಂಗುವ ಗುಂಡಿ ದಾಟಿ ತೋಟಕ್ಕೆ ಹೋಗಲಿ. ಅರ್ಧ ಗಂಟೆಗಿಂತ ಹೆಚ್ಚು ನೆನೆದರೆ ಹಾಳೆ ಊದುತ್ತದೆ, ನೀರಿನ ಕಂದು ಬಣ್ಣ ಒಳಮೈಗೆ ಹತ್ತುತ್ತದೆ.

ಒತ್ತುವಾಗ ಹಾಳೆಯ ತೇವ ಶೇ. 15ರಿಂದ 20 ಇರಬೇಕು, ಅಚ್ಚಿನ ಮೇಲ್ಭಾಗ ಕೆಳಭಾಗ ಎರಡೂ 90ರಿಂದ 110 ಡಿಗ್ರಿ. ಬಟ್ಟಲಿನಷ್ಟು ಆಳದ ಅಚ್ಚಿಗೆ 110ರ ಕಡೆ, ಚಪ್ಪಟೆ ತಟ್ಟೆಗೆ 90ರ ಕಡೆ. ಒಂದು ನಿಮಿಷದಿಂದ ಒಂದೂವರೆ ನಿಮಿಷ. ತೇವ ಮತ್ತು ಶಾಖ ಎರಡೂ ಇದ್ದಾಗ ನಾರನ್ನು ಬೆಸೆದಿರುವ ಲಿಗ್ನಿನ್, ಹೆಮಿಸೆಲ್ಯುಲೋಸ್ ಮೆದುವಾಗಿ ಹಾಳೆ ಅಚ್ಚಿನ ಆಕಾರಕ್ಕೆ ಬಗ್ಗುತ್ತದೆ. ಒತ್ತಡದಲ್ಲಿದ್ದಂತೆಯೇ ನೀರು ಆವಿಯಾಗಿ ಹೋದರೆ ಆ ಆಕಾರ ಗಟ್ಟಿಯಾಗಿ ನಿಲ್ಲುತ್ತದೆ. ಅಂಟು, ಎಣ್ಣೆ, ಮೇಣ ಯಾವುದೂ ಬೇಡ. ಹಾಳೆ ಅಚ್ಚಿಗೆ ಕಚ್ಚಿಕೊಳ್ಳುತ್ತಿದ್ದರೆ ಎಣ್ಣೆ ಹಚ್ಚುವುದು ಪರಿಹಾರವಲ್ಲ, ಅಚ್ಚಿಗೆ ಮತ್ತೆ ಪಾಲಿಶ್ ಕೊಡಿಸಬೇಕು.

ಕೆಟ್ಟ ತಟ್ಟೆಯೇ ಕಾರಣ ಹೇಳುತ್ತದೆ. ಅಂಚಿನ ತಿರುವಿನಲ್ಲಿ ಕೂದಲಿನಂಥ ಸೀಳು ಬಂದರೆ ಹಾಳೆ ಅತಿ ಒಣಗಿತ್ತು, ನೆನೆದ ಮೇಲೆ ಗೋಣಿಚೀಲ ಹೊದೆಸಿ ಒಂದು ಗಂಟೆ ಬಿಟ್ಟು ಒತ್ತಿ, ತೇವ ಸಮನಾಗಿ ಹರಡಲಿ. ಮೈ ಮೇಲೆ ಗುಳ್ಳೆ ಎದ್ದರೆ ನೀರು ಹೆಚ್ಚಿತ್ತು: ಆವಿಗೆ ದಾರಿ ಸಿಗದೆ ಪದರ ಬಿಚ್ಚಿದೆ. ಅಚ್ಚನ್ನು ಪೂರ್ತಿ ಒತ್ತುವ ಮೊದಲು ಮೂರ್ನಾಲ್ಕು ಸೆಕೆಂಡು ಒತ್ತಿ, ಕೊಂಚ ಎತ್ತಿ ಆವಿ ಬಿಟ್ಟು, ಮತ್ತೆ ಒತ್ತಿದರೆ ಇದು ಬಹಳ ಕಡಿಮೆಯಾಗುತ್ತದೆ. ಮರುದಿನ ತಟ್ಟೆ ಬಾಯಿ ಬಿಟ್ಟು ಚಪ್ಪಟೆಯಾಗುತ್ತಿದ್ದರೆ ಶಾಖ ಅಥವಾ ಸಮಯ ಸಾಲಲಿಲ್ಲ. ಒಂದೇ ಕಡೆ ಕಂದು ಸುಟ್ಟ ಗುರುತು ಬರುತ್ತಿದ್ದರೆ ಅಲ್ಲಿನ ಹೀಟರ್ ಕಾಯಿಲ್‌ನ ಥರ್ಮೋಸ್ಟಾಟ್ ಕೈಕೊಟ್ಟಿದೆ. ಇನ್‌ಫ್ರಾರೆಡ್ ಥರ್ಮಾಮೀಟರ್ ಒಂದು ಇಟ್ಟುಕೊಂಡು ದಿನಾ ಬೆಳಿಗ್ಗೆ ಅಚ್ಚಿನ ನಾಲ್ಕು ಕಡೆ ಅಳೆಯಿರಿ. ಹೊಳೆಯುವ ಲೋಹದ ಮೇಲೆ ಅದು ತಪ್ಪು ತೋರಿಸುತ್ತದೆ, ಆದ್ದರಿಂದ ಒಣ ಹಾಳೆಯ ತುಂಡೊಂದನ್ನು ಒತ್ತಿ ತೆಗೆದು ಕೂಡಲೇ ಆ ತುಂಡನ್ನೇ ಅಳೆದು ಹೋಲಿಸುವುದು ಒಳ್ಳೆಯದು.

ಒತ್ತಿ ತೆಗೆದ ತಟ್ಟೆಯನ್ನು ಆ ದಿನವೇ ಪ್ಯಾಕ್ ಮಾಡುವ ಆತುರ ಬೇಡ. ಎರಡು ದಿನ ಜಾಲರಿ ತಟ್ಟೆಯಲ್ಲಿ ಗಾಳಿಗಿಡಿ, ತೇವ 8ಕ್ಕೆ ಇಳಿದ ಮೇಲೆ ಕವರ್. ಯುವಿ ದೀಪ ಮೇಲ್ಮೈಯ ಸೂಕ್ಷ್ಮಾಣುವನ್ನಷ್ಟೇ ಕೊಲ್ಲುತ್ತದೆ, ಒಳಗಿನ ತೇವವನ್ನು ತೆಗೆಯುವುದಿಲ್ಲ. ತೇವ ಉಳಿದ ತಟ್ಟೆಗೆ ಶ್ರಿಂಕ್ ಹೊದಿಕೆ ಹಾಕಿ ದೂರ ಕಳಿಸಿದರೆ ಪೆಟ್ಟಿಗೆ ತೆರೆದಾಗ ಬೂಸ್ಟಿನ ವಾಸನೆ ಗ್ಯಾರಂಟಿ.

ವಿದ್ಯುತ್ ಬಗ್ಗೆ ಎರಡು ಮಾತು. ಐದಚ್ಚಿನ ಹೀಟರುಗಳು, ಹೈಡ್ರಾಲಿಕ್ ಮೋಟಾರು, ವಾಷರ್ ಸೇರಿ 10 ಕಿಲೋವ್ಯಾಟಿನ ತ್ರೀ ಫೇಸ್ ಸಂಪರ್ಕ ಬೇಕು, ಅದೂ ಕೈಗಾರಿಕಾ ದರದ್ದು. ಪಂಪ್‌ಸೆಟ್ ಲೈನಿಗೆ ತಗಲಿಸಿದರೆ ಕಾನೂನಿಗೂ ತಪ್ಪು, ಪಾಳಿಯ ಕರೆಂಟಿನಲ್ಲಿ ಅಚ್ಚು ಕಾಯುವುದರೊಳಗೆ ಸರದಿ ಮುಗಿದಿರುತ್ತದೆ. ಯಂತ್ರಕ್ಕೆ ಎರಡೂ ಕೈಯಲ್ಲಿ ಒತ್ತಿದರೆ ಮಾತ್ರ ಇಳಿಯುವ ಸ್ವಿಚ್ ಇರಲೇಬೇಕು. ಕಾಲು ಪೆಡಲ್ ಒಂದೇ ಇರುವ ಯಂತ್ರದಲ್ಲಿ ಬೆರಳು ಹೋಗುವ ಅಪಾಯ ಇದ್ದೇ ಇರುತ್ತದೆ.

ತಟ್ಟೆಯೊಂದನ್ನೇ ನಂಬಬೇಡಿ

2022ರ ಜುಲೈ 1ರಿಂದ ದೇಶದಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೆ ನಿಷೇಧ ಬಂದಾಗ ಹಾಳೆ ತಟ್ಟೆಗೆ ಶುಕ್ರದೆಸೆ ಎಂದು ಎಲ್ಲರೂ ನಂಬಿದರು. ಕೃಷಿ ಉಪೋತ್ಪನ್ನದ ಊಟದ ಪಾತ್ರೆಗಳಿಗೆ ಐಎಸ್ 18267:2023 ಎಂಬ ಭಾರತೀಯ ಮಾನಕವೂ ಬಂತು. ಆದರೆ 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಅಡಿಕೆ ಹಾಳೆಯ ಪಾತ್ರೆಗಳಿಂದ ಅರೆಕೋಲಿನ್‌ನಂಥ ಆಲ್ಕಲಾಯ್ಡ್‌ಗಳು (ಸಸ್ಯದಲ್ಲಿರುವ ರಾಸಾಯನಿಕಗಳು) ಆಹಾರಕ್ಕೆ ಸೇರಬಹುದು, ಆದ್ದರಿಂದ ಅವನ್ನು ಮಾರಬಾರದು ಎಂದು ತನ್ನ ದೇಶದ ವ್ಯಾಪಾರಿಗಳಿಗೆ ತಿಳಿಸಿತು. ರಫ್ತಿಗೆಂದೇ ಅಚ್ಚು ಮಾಡಿಸಿಕೊಂಡವರ ಸರಕು ಗೋದಾಮಿನಲ್ಲೇ ಉಳಿಯಿತು.

ಇದರ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ, "ನಮ್ಮಜ್ಜ ಹಾಳೆಯಲ್ಲೇ ಉಂಡಿದ್ದು" ಎನ್ನುವುದು ಪ್ರಯೋಗಾಲಯದ ವರದಿಗೆ ಉತ್ತರವೂ ಅಲ್ಲ. ಹೊಸದಾಗಿ ಶುರು ಮಾಡುವವರು ಎರಡು ಕೆಲಸ ಮಾಡಬಹುದು. ಊಟದ ತಟ್ಟೆ ಮಾಡುವುದಾದರೆ ಎನ್‌ಎಬಿಎಲ್ ಮಾನ್ಯತೆಯ ಪ್ರಯೋಗಾಲಯದಲ್ಲಿ ವಲಸೆ ಪರೀಕ್ಷೆ (ತಟ್ಟೆಯಿಂದ ಆಹಾರಕ್ಕೆ ಏನು ಇಳಿಯುತ್ತದೆ ಎಂಬುದು), ಭಾರಲೋಹ, ಕೀಟನಾಶಕದ ಜೊತೆಗೆ ಆಲ್ಕಲಾಯ್ಡ್ ಪರೀಕ್ಷೆಯನ್ನೂ ಮಾಡಿಸಿ, ಒಂದೇ ಮಾದರಿಯಲ್ಲ, ಬೇಸಿಗೆಯ ಹಾಳೆ ಮಳೆಗಾಲದ ಹಾಳೆ ಬೇರೆ ಬೇರೆಯಾಗಿ. ಎರಡನೆಯದು, ಅದೇ ಯಂತ್ರದಲ್ಲಿ ಅಚ್ಚು ಬದಲಿಸಿ ಆಹಾರಕ್ಕೆ ಸಂಬಂಧವಿಲ್ಲದ ಸರಕಿಗೆ ಕನಿಷ್ಠ ಅರ್ಧ ಸಾಮರ್ಥ್ಯ ಮೀಸಲಿಡಿ: ನರ್ಸರಿ ಕುಂಡ, ಸಾಬೂನಿನ ಪೆಟ್ಟಿಗೆ, ಗಾಜಿನ ಬಾಟಲಿಗೆ ಪ್ಯಾಕಿಂಗ್ ತಟ್ಟೆ, ಉಡುಗೊರೆ ಡಬ್ಬಿ, ಗೋಡೆಗೆ ಹಚ್ಚುವ ಫಲಕ. ನರ್ಸರಿ ಕುಂಡಕ್ಕೆ ಕಪ್ಪು ಚುಕ್ಕಿಯ ಎರಡನೇ ದರ್ಜೆಯ ಹಾಳೆಯೇ ಸಾಕು. ಗಿಡದ ಜೊತೆ ಮಣ್ಣಿಗೆ ಸೇರುವ ವಸ್ತುವಿಗೆ ಕಲೆ ಯಾರು ನೋಡುತ್ತಾರೆ? ಸಾಗರ, ಶಿರಸಿಯ ನರ್ಸರಿಗಳು ಪಾಲಿಥಿನ್ ಚೀಲಕ್ಕೆ ಎಷ್ಟು ಕೊಡುತ್ತಿವೆ ಎಂದು ವಿಚಾರಿಸಿ, ನಿಮ್ಮ ದರ ಅದಕ್ಕಿಂತ ದುಬಾರಿಯೇ ಆಗುತ್ತದೆ. ಹಾಗಾಗಿ ಕೆಲವೇ ತಿಂಗಳಲ್ಲಿ ನೆಲಕ್ಕೆ ಹೋಗುವ, ಬೇರು ಕದಲಿಸಬಾರದ ಗಿಡಗಳಿಂದ ಶುರು ಮಾಡಿ. ಪಪ್ಪಾಯಿ ಸಸಿ ಒಳ್ಳೆಯ ಉದಾಹರಣೆ.

ಕತ್ತರಿಸಿ ಉಳಿದದ್ದು, ಸಿಪ್ಪೆ, ಚೊಗರು

ಪ್ರತಿ ಹಾಳೆಯಲ್ಲಿ ಮೂರನೇ ಒಂದು ಭಾಗ ಚೂರಾಗಿ ಉಳಿಯುತ್ತದೆ. ಬೋರ್ಡೋ ತಗಲದ, ಬೂಸ್ಟಿಲ್ಲದ ಚೂರನ್ನು ಚಾಫ್ ಕಟರ್‌ಗೆ ಕೊಟ್ಟರೆ ದನಕ್ಕೆ ಒಣಮೇವು. ದಕ್ಷಿಣ ಕನ್ನಡದಲ್ಲಿ ಭತ್ತದ ಹುಲ್ಲು ದುಬಾರಿಯಾದ ಮೇಲೆ ಇದು ರೂಢಿಗೆ ಬಂದಿದೆ. ಎರಡಿಂಚಿನ ಚೂರನ್ನು ರಾತ್ರಿ ನೆನೆಸಿ, ಮುಕ್ಕಾಲು ಗಂಟೆ ಕುದಿಸಿ, ನೀರು ಬಸಿದರೆ ಚಿಪ್ಪಣಬೆಗೆ ಒಳ್ಳೆಯ ಮಾಧ್ಯಮ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ (ಸಿಪಿಸಿಆರ್‌ಐ) ಮತ್ತು ಅದರ ವಿಟ್ಲದ ಪ್ರಾದೇಶಿಕ ಕೇಂದ್ರ ಅಡಿಕೆ ತೋಟದ ತ್ಯಾಜ್ಯದಿಂದ ಅಣಬೆ, ಎರೆಗೊಬ್ಬರ ಮಾಡುವ ವಿಧಾನಗಳನ್ನು ರೂಪಿಸಿವೆ. ತರಬೇತಿಗೆ ಅಲ್ಲಿ ಕೇಳಿ.

ಸಿಪ್ಪೆಯದು ಕಷ್ಟದ ಕತೆ. ಚನ್ನಗಿರಿ, ಭದ್ರಾವತಿ ಕಡೆ ರಸ್ತೆ ಬದಿ ಸುರಿದು ಬೆಂಕಿ ಹಚ್ಚುವುದನ್ನು ಎಲ್ಲರೂ ನೋಡಿದ್ದಾರೆ. ಅದರಲ್ಲಿ ಲಿಗ್ನಿನ್ ಹೆಚ್ಚು, ಬೇಗ ಕೊಳೆಯುವುದಿಲ್ಲ. ನಾರು ಗಿಡ್ಡ, ತೆಂಗಿನ ನಾರಿನಂತೆ ಹಗ್ಗ ಆಗುವುದಿಲ್ಲ. ಸಿಪ್ಪೆಯಿಂದ ಬಟ್ಟೆ, ಬೋರ್ಡು ಎಂದು ಹೇಳಿ ಯಂತ್ರ ಮಾರಲು ಬರುವವರಿಗೆ ನಿಮ್ಮದೇ ಒಂದು ಟನ್ ಸಿಪ್ಪೆ ಕೊಟ್ಟು, ಎದುರಿಗೇ ಮಾಡಿಸಿ ನೋಡುವ ತನಕ ಮುಂಗಡ ಕೊಡಬೇಡಿ. ಸದ್ಯಕ್ಕೆ ಖಾತ್ರಿಯಿರುವ ಉಪಯೋಗ ಅಡಿಕೆ ಬೇಯಿಸುವ ಒಲೆಗೆ ಉರುವಲು ಮತ್ತು ಸಗಣಿ ಬೆರೆಸಿ ನಿಧಾನವಾಗಿ ಮಾಡುವ ಕಾಂಪೋಸ್ಟ್.

ಚೊಗರು ಮಾತ್ರ ಕೈ ಹಿಡಿಯುವ ವಸ್ತು. ಎಳೆ ಅಡಿಕೆ ಬೇಯಿಸಿದ ಆ ಕಂದು ನೀರು ಟ್ಯಾನಿನ್‌ನಿಂದ ತುಂಬಿರುತ್ತದೆ, ಹತ್ತಿಗೆ ಚೆನ್ನಾಗಿ ಹಿಡಿಯುತ್ತದೆ. ಸಾಗರ ತಾಲ್ಲೂಕಿನ ಭೀಮನಕೋಣೆಯ ಚರಕ ಮಹಿಳಾ ಸಹಕಾರ ಸಂಘ ಕೈಮಗ್ಗದ ಬಟ್ಟೆಗೆ ಇಂಥ ನೈಸರ್ಗಿಕ ಬಣ್ಣಗಳನ್ನೇ ಬಳಸಿ ಹೆಸರಾಯಿತು. ಪಟಿಕ ಹಾಕಿದರೆ ಕೆಂಗಂದು, ಅನ್ನಭೇದಿ (ಕಬ್ಬಿಣದ ಲವಣ) ಹಾಕಿದರೆ ಬೂದುಗಪ್ಪು. ಅನ್ನಭೇದಿ ಬಟ್ಟೆಯ ತೂಕದ ಶೇ. 2–3 ದಾಟಿದರೆ ನೂಲು ಕಾಲಕ್ರಮೇಣ ಲಡ್ಡಾಗುತ್ತದೆ. ಚೊಗರನ್ನು ತೆಳ್ಳಗಿದ್ದಾಗ ಇಟ್ಟರೆ ನೊರೆ ಬಂದು ಹುಳಿಯುತ್ತದೆ, ಬೆಲ್ಲದ ಪಾಕದ ಹದಕ್ಕೆ ಕಾಯಿಸಿಯೇ ತುಂಬಿಡಿ. ಕೆಂಪಡಿಕೆ ಮಾಡುವ ಪ್ರತಿ ಮನೆಯಲ್ಲೂ ಇದು ಇರುವುದರಿಂದ ಹಾಳೆ ತರುವ ಗಾಡಿಯಲ್ಲೇ ಕ್ಯಾನ್ ತಂದರೆ ಸಾಗಣೆಗೆ ಬೇರೆ ಖರ್ಚಿಲ್ಲ.

ಯಾರು ನಡೆಸಬೇಕು, ಹಣ ಎಲ್ಲಿಂದ

ಒಣಕಣ, ಗೋದಾಮು, ಪರೀಕ್ಷೆ, ಮಾರಾಟ ಇವು ಒಂದೇ ಸಂಸ್ಥೆಯ ಕೈಯಲ್ಲಿರಲಿ, ಒತ್ತುವ ಯಂತ್ರಗಳು ಮನೆಮನೆಗೆ, ಸ್ವಸಹಾಯ ಗುಂಪುಗಳಿಗೆ ಹಂಚಿಹೋಗಲಿ. ಇದಕ್ಕೆ ಹೊಸ ಕಂಪನಿ ಕಟ್ಟುವ ಮೊದಲು ಇರುವ ಸಹಕಾರಿ ಸಂಘವನ್ನು ಕೇಳಿ ನೋಡಿ. 1923ರಷ್ಟು ಹಿಂದೆಯೇ ಶಿರಸಿಯಲ್ಲಿ ತೋಟಗಾರ್ಸ್ ಸೇಲ್ ಸೊಸೈಟಿ, 1939ರಲ್ಲಿ ಶಿವಮೊಗ್ಗದಲ್ಲಿ ಮ್ಯಾಮ್ಕೋಸ್, 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಕಟ್ಟಿದ ನಾಡಿದು. ನಿಮ್ಮೂರಿನ ಸೊಸೈಟಿಯಲ್ಲೂ ಬೆಳೆಗಾರರ ಖಾತೆ, ಅಡಿಕೆ ತರುವ ಗಾಡಿ, ಗುಮಾಸ್ತ ಎಲ್ಲ ಈಗಾಗಲೇ ಇದ್ದಾರೆ. ಹಾಳೆಯ ಹಣ ಅದೇ ಖಾತೆಗೆ ಜಮೆಯಾದರೆ ನೂರು ಮನೆಗೆ ಚಿಲ್ಲರೆ ಹಂಚುವ ತಲೆನೋವು ತಪ್ಪುತ್ತದೆ. ತೋಟವನ್ನು ಖೇಣಿ (ಫಸಲಿನ ಗುತ್ತಿಗೆ) ಕೊಟ್ಟಿದ್ದರೆ ಹಾಳೆ ಯಾರದ್ದು ಎಂಬುದನ್ನು ಖೇಣಿ ಪತ್ರದಲ್ಲೇ ಬರೆಸಿ, ಇಲ್ಲವಾದರೆ ಫೆಬ್ರವರಿಯಲ್ಲಿ ಜಗಳ ಶುರು.

ಕೇಂದ್ರದ ಕಿರು ಆಹಾರ ಸಂಸ್ಕರಣೆ ಯೋಜನೆ ತಿನ್ನುವ ವಸ್ತುಗಳಿಗೆ, ತಟ್ಟೆಗೆ ಅನ್ವಯಿಸದು. ಅರ್ಜಿ ಹಾಕಿ ಆರು ತಿಂಗಳು ಕಾಯಬೇಡಿ. ಒಂದೊಂದೇ ಘಟಕಕ್ಕೆ ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಯೋಜನೆ (ಪಿಎಂಇಜಿಪಿ) ಹೊಂದುತ್ತದೆ: ತಯಾರಿಕೆಗೆ 50 ಲಕ್ಷದವರೆಗೆ ಯೋಜನಾ ವೆಚ್ಚ, ಗ್ರಾಮೀಣ ಭಾಗದಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 25, ಮಹಿಳೆಯರೂ ಸೇರಿದಂತೆ ವಿಶೇಷ ವರ್ಗಕ್ಕೆ ಶೇ. 35 ಸಹಾಯಧನ. ಸ್ವಂತ ಪಾಲು ಕ್ರಮವಾಗಿ ಶೇ. 10 ಮತ್ತು 5. ಸಾಮೂಹಿಕ ಗೋದಾಮು, ಪರೀಕ್ಷಾ ಕೊಠಡಿಗೆ ಸಾಂಪ್ರದಾಯಿಕ ಉದ್ದಿಮೆಗಳ ಗುಂಪಿಗೆ (ಕ್ಲಸ್ಟರ್) ನೆರವಾಗುವ ಕೇಂದ್ರದ ಸ್ಫೂರ್ತಿ ಯೋಜನೆ ಇದೆ: 500 ಕುಶಲಕರ್ಮಿಗಳವರೆಗಿನ ಕ್ಲಸ್ಟರಿಗೆ ಎರಡೂವರೆ ಕೋಟಿವರೆಗೆ, ಅದಕ್ಕಿಂತ ದೊಡ್ಡದಕ್ಕೆ ಐದು ಕೋಟಿವರೆಗೆ. ಅದರಲ್ಲಿ ಜಾಗ ನೀವೇ ಒದಗಿಸಬೇಕು, ಹೆಚ್ಚಿನ ಅರ್ಜಿಗಳು ಮುಗ್ಗರಿಸುವುದು ಅಲ್ಲೇ. ಈ ನಿಯಮಗಳು ಆಗಾಗ ಬದಲಾಗುವುದರಿಂದ ಅರ್ಜಿಗೆ ಮೊದಲು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಆ ವರ್ಷದ ಸುತ್ತೋಲೆ ಕೇಳಿ ಪಡೆಯಿರಿ.

ಪಿಎಂಇಜಿಪಿ ಸಹಾಯಧನ ಕೈಗೆ ಬರುವ ನಗದಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿದ್ದು, ಘಟಕ ನಡೆಯುತ್ತಿದೆ ಎಂದು ಪರಿಶೀಲಿಸಿದ ಮೇಲಷ್ಟೇ ಸಾಲಕ್ಕೆ ಹೊಂದಾಣಿಕೆಯಾಗುತ್ತದೆ. ಆದ್ದರಿಂದ ಮೇ ತಿಂಗಳ ಹಾಳೆ ಖರೀದಿಗೆ ಬೇಕಾದ ದುಡಿಯುವ ಬಂಡವಾಳವನ್ನು ಸಹಾಯಧನದ ಭರವಸೆಯ ಮೇಲೆ ಇಡದೆ, ಸಾಲದ ಅರ್ಜಿಯಲ್ಲೇ ಬೇರೆ ಬಾಬತ್ತಾಗಿ, 90,000 ಹಾಳೆಯ ದರ ಕಟ್ಟಿ ತೋರಿಸಿ.